ಗಾಜಿನ ತೊಟ್ಟಿಯ ಕವಚಧಾರಿ ಮೀನು



ಪೇಟೆಯ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡು ನಿಶ್ಚಲವಾಗಿರುವ ಕಪ್ಪು ಮೀನೊಂದನ್ನು ಅನೇಕರು ಕಂಡಿರುತ್ತಾರೆ. ಬೆರಳುದ್ದದ ಮರಿ, ಅಗ್ಗದ ಬೆಲೆ. ತೊಟ್ಟಿಯ ಪಾಚಿಯನ್ನೆಲ್ಲ ತಿಂದು ಸ್ವಚ್ಛ ಮಾಡುವ 'ಸಕ್ಕರ್ ಫಿಶ್' ಎಂಬ ಒಂದೇ ಮಾತಿನ ಮೇಲೆ ಅದು ಮನೆ ಸೇರುತ್ತದೆ. ಅದು ಯಾವ ಮೀನು, ಎಷ್ಟು ಬೆಳೆಯುತ್ತದೆ ಎಂಬುದನ್ನು ಮಾರುವವರು ಹೇಳುವುದು ವಿರಳ. ಕೊಳ್ಳುವವರು ಕೇಳುವುದೂ ವಿರಳ. ಮುಂದಿನ ತೊಂದರೆಗಳು ಇಲ್ಲಿಂದಲೇ ಆರಂಭವಾಗುತ್ತವೆ.

ಇದು ದಕ್ಷಿಣ ಅಮೆರಿಕದ ಕವಚಧಾರಿ ಬೆಕ್ಕುಮೀನು. ಲೋರಿಕಾರಿಡೇ ಎಂಬ ಇದರ ಕುಟುಂಬದಲ್ಲಿ ಸುಮಾರು 1000 ಪ್ರಭೇದಗಳಿವೆ. ಮೈಮೇಲೆ ಹುರುಪೆಗಳ ಬದಲು ಸಾಲುಸಾಲಾಗಿ ಮೂಳೆಯ ಫಲಕಗಳಿರುತ್ತವೆ. ತಲೆಯ ಅಡಿಯಲ್ಲಿ ಬಟ್ಟಲಿನಂತಹ ಬಾಯಿ ಇರುತ್ತದೆ. ಗುರುತಿಸಲು ಬೆನ್ನಿನ ರೆಕ್ಕೆಯನ್ನು ನೋಡಬೇಕು. ಮುಂದಿನ ಮುಳ್ಳನ್ನು ಬಿಟ್ಟು ಉಳಿದ ಕಡ್ಡಿಗಳು 7 ಇದ್ದರೆ ಅದು ಹೈಪೊಸ್ಟೋಮಸ್ ಮುಂತಾದ ಕುಲಗಳದ್ದು. 9 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಟೆರಿಗೊಪ್ಲಿಕ್ಥಿಸ್ ಕುಲದ್ದು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಈ ಎರಡನೆಯದೇ. ಬಳಿಕ ಹೊಟ್ಟೆಯನ್ನು ಗಮನಿಸಬೇಕು. ಬಿಡಿಬಿಡಿ ಚುಕ್ಕೆಗಳಿದ್ದರೆ ಪಾರ್ಡಾಲಿಸ್, ಚುಕ್ಕೆಗಳು ಕೂಡಿಕೊಂಡು ಹುಳು ಹರಿದಂತಹ ಗೆರೆಗಳಾಗಿದ್ದರೆ ಡಿಸ್‌ಜಂಕ್ಟಿವಸ್. ಇವೆರಡೂ ಬೆರೆತ ಮಿಶ್ರತಳಿಗಳೂ ಉಂಟಾದ್ದರಿಂದ ನಡುವಿನ ವಿನ್ಯಾಸಗಳೂ ಕಾಣಸಿಗುತ್ತವೆ.

ಮಲೆನಾಡಿನ ಹಳ್ಳಗಳಲ್ಲಿಯೂ ಬಂಡೆಗೆ ಅಂಟಿಕೊಳ್ಳುವ ಮೀನುಗಳಿವೆ ಎಂಬುದನ್ನು ಇಲ್ಲಿ ಮರೆಯಬಾರದು. ಗಾರಾ ಕುಲದ ಮೀನುಗಳು, ಭವಾನಿಯಾ ಎಂಬ ಪುಟ್ಟ ಮೀನು ಇಂಥವು. ಅವುಗಳಿಗೆ ಮೂಳೆಯ ಕವಚವಿಲ್ಲ. ಅವು ಈ ನೀರಿನ ಮೂಲನಿವಾಸಿಗಳು. ಪರದೇಶದ ಮೀನೆಂದು ತಪ್ಪು ತಿಳಿದು ಅವನ್ನು ಕೊಲ್ಲಬಾರದು.

ಇನ್ನು ಸಾಕಣೆಯ ವಿಷಯ. ಟೆರಿಗೊಪ್ಲಿಕ್ಥಿಸ್ 40 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಅದಕ್ಕೆ ಆರು ಅಡಿ ಉದ್ದ, ಎರಡು ಅಡಿ ಅಗಲದ ತೊಟ್ಟಿಯಾದರೂ ಬೇಕು. ಪಾಚಿಯೊಂದೇ ಅದರ ಹೊಟ್ಟೆಗೆ ಸಾಲದು. ತಳಕ್ಕೆ ಮುಳುಗುವ ಗುಳಿಗೆಯ ಆಹಾರದ ಜೊತೆಗೆ ಸೌತೆಕಾಯಿಯ ಹೋಳು, ಬೇಯಿಸಿದ ಸೊಪ್ಪನ್ನು ಕೊಡಬೇಕು. ಹಸಿದ ಮೀನು ನಿಧಾನವಾಗಿ ಈಜುವ ಗೋಲ್ಡ್‌ಫಿಶ್‌ನ ಮೈಗೆ ಅಂಟಿ ಲೋಳೆಯನ್ನು ಕೆರೆದು ತಿನ್ನುವುದುಂಟು. ಇದು ರಾತ್ರಿ ಸಂಚರಿಸುವ ಜೀವಿ. ಹಗಲು ಅಡಗಲು ಮರದ ಬೊಡ್ಡೆಯೋ ಒಡೆದ ಮಡಕೆಯೋ ಬೇಕು. ಕಸ ಹೆಚ್ಚು ಮಾಡುವುದರಿಂದ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಹಿಡಿಯುವಾಗ ಬಲೆ ಬೇಡ; ರೆಕ್ಕೆಯ ಮುಳ್ಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬೋಗುಣಿಯಲ್ಲಿ ನೀರಿನೊಡನೆ ಎತ್ತುವುದು ಲೇಸು. ಸಣ್ಣ ತೊಟ್ಟಿ ಇರುವವರು ಆನ್ಸಿಸ್ಟ್ರಸ್ ಕುಲದ ಮೀನನ್ನು ಕೇಳಿ ಪಡೆಯಬಹುದು. ಅದರ ಗಂಡಿಗೆ ಮೂತಿಯ ಮೇಲೆ ಕವಲೊಡೆದ ಕುಡಿಗಳಿರುತ್ತವೆ. ಸಾಮಾನ್ಯವಾಗಿ ಅದು ಗೇಣುದ್ದವನ್ನು ಮೀರುವುದಿಲ್ಲ.

ಇಷ್ಟನ್ನು ತಿಳಿಯದೆ ತಂದವರ ಮನೆಯಲ್ಲಿ ಒಂದೆರಡು ವರ್ಷಗಳಲ್ಲೇ ಮೀನಿಗೆ ತೊಟ್ಟಿ ಸಾಲದಾಗುತ್ತದೆ. ಕೊಲ್ಲಲು ಮನಸ್ಸು ಬಾರದೆ ಅದನ್ನು ಸಮೀಪದ ಕೆರೆಗೋ ಹೊಳೆಗೋ ಬಿಡುತ್ತಾರೆ. ಕರುಣೆಯಿಂದ ಮಾಡಿದ ಈ ಕೆಲಸವೇ ಹೊಳೆಗೆ ಕೇಡಾಗುತ್ತದೆ. ಈ ಮೀನು ಗಾಳಿಯನ್ನು ನುಂಗಿ ಜಠರದ ಮೂಲಕ ಆಮ್ಲಜನಕ ಪಡೆಯುತ್ತದೆ. ಕೊಳೆತ ನೀರಿನಲ್ಲಿಯೂ ಸಾಯದು. ಗಂಡುಮೀನು ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಕಾಯುತ್ತದೆ. ಬಿಲಗಳು ಹೆಚ್ಚಿದಂತೆ ದಡ ಕುಸಿಯುತ್ತದೆ. ಗಟ್ಟಿಯಾದ ಕವಚ, ಮುಳ್ಳುಗಳು ಮೀನುಗಾರರ ಬಲೆಯನ್ನು ಹರಿಯುತ್ತವೆ. ಮೆಕ್ಸಿಕೋದ ಇನ್ಫಿಯರ್ನಿಯೊ ಜಲಾಶಯದಲ್ಲಿ ಇದು ಹಬ್ಬಿ ತಿಲಾಪಿಯಾ ಹಿಡಿದು ಬದುಕುತ್ತಿದ್ದವರ ಜೀವನಕ್ಕೇ ಕುತ್ತು ತಂದಿತು. ಆ ದೇಶದಲ್ಲಿ ಇದನ್ನು ದೆವ್ವದ ಮೀನೆಂದೇ ಕರೆಯುತ್ತಾರೆ. ಭಾರತದಲ್ಲಿ ಕೇರಳ, ತಮಿಳುನಾಡು, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಇದು ನೆಲೆಯೂರಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಸಿಕ್ಕಿತು.

ಆದರೆ ತನ್ನ ತವರಿನಲ್ಲಿ ಇದು ದೆವ್ವವಲ್ಲ. ಅಮೆಜಾನ್ ನದಿಯ ಕೆಳಬಯಲಿನ ಜನ ಇದನ್ನು 'ಅಕಾರಿ' ಎಂದು ಕರೆದು ಕೆಂಡದ ಮೇಲೆ ಸುಟ್ಟು ತಿನ್ನುತ್ತಾರೆ. ಒಣಗಿಸಿ 'ಪಿರಾಕುಯಿ' ಎಂಬ ಮೀನಿನ ಹಿಟ್ಟು ಮಾಡಿಡುತ್ತಾರೆ. ತಪ್ಪು ಮೀನಿನದಲ್ಲ, ಅದನ್ನು ಎತ್ತಿ ತಂದು ಸಲ್ಲದ ನೀರಿಗೆ ಬಿಟ್ಟ ಕೈಯದು.

ಆದುದರಿಂದ ಕೊಳ್ಳುವ ಮುನ್ನ ರೆಕ್ಕೆಯ ಕಡ್ಡಿಗಳನ್ನು ಎಣಿಸಿ, ಹೆಸರು ತಿಳಿದು, ಹತ್ತು ವರ್ಷದ ಹೊಣೆ ಹೊರಲು ಸಾಧ್ಯವೇ ಎಂದು ಯೋಚಿಸುವುದು ಒಳ್ಳೆಯದು. ಸಾಕಲಾಗದಿದ್ದರೆ ಅಂಗಡಿಗೇ ಹಿಂದಿರುಗಿಸಬೇಕು, ಇಲ್ಲವೇ ದೊಡ್ಡ ತೊಟ್ಟಿ ಉಳ್ಳವರಿಗೆ ಒಪ್ಪಿಸಬೇಕು. ಕೆರೆ, ಹಳ್ಳ, ದೇವಸ್ಥಾನದ ಕಲ್ಯಾಣಿ, ಯಾವುದಕ್ಕೂ ಬಿಡಕೂಡದು. ಬೆಟ್ಟದ ಮೇಲೆ ಹಳ್ಳಕ್ಕೆ ಬಿಟ್ಟ ಮೀನು ಆ ಊರಿನಲ್ಲೇ ನಿಲ್ಲುವುದಿಲ್ಲ. ಮಳೆಗಾಲದ ನೀರು ಹರಿದು ಹೋಗುವ ಊರುಗಳಿಗೆಲ್ಲ ಅದೂ ಹೋಗುತ್ತದೆ.