ಊರಲ್ಲೇ ಉಳಿದವರ ಲೆಕ್ಕ



ಊರು ಬಿಟ್ಟು ಬಂದವರ ಹಂಬಲದ ಬಗ್ಗೆ ಪುಣೆಯ ಈ ಕನ್ನಡ ಸಭೆಯಂಥ ಸಭೆಗಳಲ್ಲಿ ಬೇಕಾದಷ್ಟು ಮಾತಾಗಿದೆ. ನಾನು ಚಿತ್ರದುರ್ಗ ಬಿಡದವನು. ಓದಿದ್ದು, ದುಡಿದದ್ದು, ಮಕ್ಕಳ ಮದುವೆ ಮಾಡಿದ್ದು ಎಲ್ಲ ಅಲ್ಲೇ. ಉಳಿದವರಿಗೆ ಏನು ದಕ್ಕಿತು, ಏನು ತಪ್ಪಿತು, ಅಷ್ಟನ್ನು ಹೇಳುತ್ತೇನೆ.

ಬೆಳಗಿನ ವಾಕಿಂಗಿಗೆ ಏಳು ಸುತ್ತಿನ ಕೋಟೆ ಹತ್ತುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ. ಪ್ರವಾಸಿಗರು ಓಬವ್ವನ ಕಿಂಡಿಯ ಹತ್ತಿರ ಫೋಟೊಗೆ ನಿಲ್ಲುವ ಹೊತ್ತಿಗೆ ನಮ್ಮದು ಇಡ್ಲಿ, ಕಾಫಿ ಎಲ್ಲ ಮುಗಿದಿರುತ್ತದೆ. ಬ್ಯಾಂಕಿಗೆ ಹೋದರೆ 'ಇಂಥವರ ಮಗ ಅಲ್ವಾ ನೀವು' ಅಂತಾರೆ, ಕೆಲಸ ಬೇಗ ಆಗುತ್ತದೆ. ಅದೇ ಗುರುತಿನ ಕಾಟವೂ ಉಂಟು. ಮಗಳ ಪಿಯುಸಿ ಅಂಕ ಅವಳಿಗಿಂತ ಮೊದಲು ಲಕ್ಷ್ಮೀ ಬಜಾರಿಗೆ ಗೊತ್ತಾಗಿರುತ್ತದೆ!

ದಾವಣಗೆರೆ 1997ರಲ್ಲಿ ನಮ್ಮಿಂದ ಬೇರೆ ಜಿಲ್ಲೆಯಾಯಿತು. ಕಾಯಿಲೆ ಜೋರಾದರೆ ಈಗಲೂ ಅಲ್ಲಿಗೇ ಓಡುತ್ತೇವೆ. ನೀರಿನ ಮಾತಿಗೆ ಬಂದರೆ, ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯಿತು. ಆ ದುಡ್ಡಿಗೆ ನಾವು ದಾರಿ ಕಾದದ್ದು ಪತ್ರಿಕೆ ಓದುವ ನಿಮಗೂ ಗೊತ್ತು. ಊರಲ್ಲಿ ಉಳಿಯುವುದು ಅಂದರೆ ಬಹುಪಾಲು ಕಾಯುವುದೇ.

ಕಾದದ್ದಕ್ಕೆ ಒಮ್ಮೊಮ್ಮೆ ಫಲವೂ ಸಿಗುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ನಮ್ಮಪ್ಪ ಜೀವಮಾನವೆಲ್ಲ ಅದರ ಸುದ್ದಿ ಹೇಳಿದರು, ಕಣ್ಣಾರೆ ಕಾಣಲಿಲ್ಲ. ನಾನು ಕಂಡೆ. ಟ್ರ್ಯಾಕ್ಟರಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದ ಒಬ್ಬ ಅಜ್ಜಿ ಕೋಡಿ ನೀರನ್ನು ಬೊಗಸೆಯಲ್ಲಿ ಹಿಡಿದು ತಲೆಗೆ ಹಾಕಿಕೊಂಡರು. ಆಮೇಲೆ ಮೊಮ್ಮಗನ ತಲೆಗೂ ಹಾಕಿದರು. ಅವನು ಮೊಬೈಲ್ ನೆನೆಯಿತು ಅಂತ ಕೂಗಾಡಿದ.

ಕೋಡಿ ಬಿದ್ದ ವಿಡಿಯೊಗಳು ನಿಮಗೂ ಬಂದಿರಬೇಕು. ಅತ್ತ ಹೊಸದುರ್ಗದ ಕಡೆ ಹಿನ್ನೀರು ತೋಟಗಳಿಗೆ ನುಗ್ಗಿ, ರೈತರು ಕೋಡಿಯ ಮಟ್ಟ ತಗ್ಗಿಸಿ ಅಂತ ಕೇಳುತ್ತಿದ್ದರು. ಅದು ಅಷ್ಟಾಗಿ ಹರಿದಾಡಲಿಲ್ಲ. ದೂರದಲ್ಲಿದ್ದವರು ಬಾಗಿನ ನೋಡಿ ಖುಷಿಪಟ್ಟರು. ನಮಗೆ ಎರಡೂ ಕಡೆ ನೆಂಟರು. ಹಿರಿಯೂರಿನಲ್ಲಿ ಸಿಹಿ ತಿಂದು ಹೊಸದುರ್ಗಕ್ಕೆ ಹೋಗಿ ಸಮಾಧಾನ ಹೇಳಿ ಬಂದೆವು. ಊರಲ್ಲಿರುವುದರ ಸುಖವೂ ಕಷ್ಟವೂ ನನಗೆ ಒಟ್ಟಿಗೇ ತಿಳಿದದ್ದು ಆ ವಾರ.

ಉಳಿದವರು ತ್ಯಾಗಿಗಳು, ಹೋದವರು ಊರು ಮರೆತವರು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಯಾರಿಗೆ ಎಲ್ಲಿ ಅನ್ನದ ಋಣವೋ ಅಲ್ಲಿ. ಒಂದು ತಕರಾರು ಮಾತ್ರ ಇದೆ. ಹೊಳಲ್ಕೆರೆ ಕಡೆ ನಮ್ಮ ಬೀಗರ ಅಡಿಕೆ ತೋಟದ ಪಹಣಿಯಲ್ಲಿ ಇನ್ನೂ ತೀರಿಹೋದ ತಾತನ ಹೆಸರೇ ಇದೆ. ಅಣ್ಣಂದಿರಲ್ಲಿ ಒಬ್ಬರು ಇದೇ ಪುಣೆ, ಇನ್ನೊಬ್ಬರು ದುಬೈ. ತೋಟ ನೋಡಿಕೊಳ್ಳುವ ತಮ್ಮನಿಗೆ ಪೌತಿ ಖಾತೆ ಆಗದೆ ಸಾಲ, ಸಬ್ಸಿಡಿ ಎಲ್ಲ ನಿಂತಿದೆ. 'ನಮಗೆ ಪಾಲು ಬೇಡಪ್ಪ, ನೀನೇ ಇಟ್ಕೊ' ಅಂತ ಇಬ್ಬರೂ ಫೋನಿನಲ್ಲಿ ಧಾರಾಳವಾಗಿ ಹೇಳುತ್ತಾರೆ. ತಾಲ್ಲೂಕು ಕಚೇರಿಯವರು ಫೋನಿನ ಮಾತನ್ನು ಕಡತಕ್ಕೆ ಸೇರಿಸುವುದಿಲ್ಲ.

ಮುಂದಿನ ವರ್ಷ ಬಸ್ಸು ಮಾಡಿಕೊಂಡು ದುರ್ಗಕ್ಕೆ ಬರುತ್ತೇವೆ ಅಂತ ನಿಮ್ಮ ಕಾರ್ಯದರ್ಶಿಗಳು ಈಗಷ್ಟೇ ಹೇಳಿದರು. ಬನ್ನಿ, ಕೋಟೆ ತೋರಿಸುತ್ತೇನೆ. ಭಾನುವಾರ ಮಾತ್ರ ಬೇಡ. ಕಚೇರಿ ತೆರೆದಿರುವ ದಿನ ಬನ್ನಿ, ಆಧಾರ್ ಕಾರ್ಡ್ ಜೊತೆಗಿರಲಿ.