ಕರೆಂಟು ಎಲ್ಲಿಯವರೆಗೆ ಬಂತು?

ಬೆಂಗಳೂರಿನ ಹತ್ತಿರದ ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಸ್ವಲ್ಪ ದೂರ ನಡೆದರೂ ಸಾಕು, ಕಲ್ಲು ಕೊಯ್ಯುವ ಸದ್ದು ಕಿವಿಗೆ ಬೀಳುತ್ತದೆ. ಲಾರಿಗಳಲ್ಲಿ ಬಂದ ಗ್ರಾನೈಟ್ ಬಂಡೆಗಳು ಇಲ್ಲಿ ಚಪ್ಪಡಿಗಳಾಗಿ, ಹೊಳಪು ಪಡೆದು ಹೊರಡುತ್ತವೆ. ಬಂಡೆ ಸೀಳುವ ಗರಗಸವನ್ನು ತಿರುಗಿಸುವ ಮೋಟಾರಿಗೆ ಮೂರು ಫೇಸಿನ, 400 ವೋಲ್ಟಿನ ಆಸುಪಾಸಿನ ವಿದ್ಯುತ್ತು ಬೇಕು. ಅದೇ ಊರಿನ ಒಂದು ಮನೆಯಲ್ಲಿ, ಮೇಜಿನ ಮೇಲಿರುವ ಕಂಪ್ಯೂಟರಿನ ಪ್ರೊಸೆಸರ್ ಚಿಪ್ಪಿಗೆ ಬೇಕಾಗುವುದು ಸುಮಾರು 1 ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನಲ್ಲೇ 1.5 ವೋಲ್ಟ್ ಇರುತ್ತದೆ. ಚಿಪ್ಪಿಗೆ ಅಷ್ಟೂ ಬೇಡ!

ಮನೆಯ ಪ್ಲಗ್ಗಿಗೆ ಬರುವುದು 230 ವೋಲ್ಟ್. ಅದನ್ನು ಹಂತಹಂತವಾಗಿ ಇಳಿಸಿ ಚಿಪ್ಪಿಗೆ ತಲುಪಿಸುವ ಏರ್ಪಾಡು ಕಂಪ್ಯೂಟರಿನ ಒಳಗೇ ಇದೆ. 230 ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆಯಾದರೆ ಆ ಏರ್ಪಾಡು ಸುಧಾರಿಸಿಕೊಳ್ಳುತ್ತದೆ. ಆದರೆ ಒಮ್ಮೊಮ್ಮೆ ವೋಲ್ಟೇಜು ಇದ್ದಕ್ಕಿದ್ದಂತೆ ಎಲ್ಲೆ ಮೀರಿ ಏರಿಬಿಡುತ್ತದೆ. ಆಗ ಏನಾಗುತ್ತದೆ, ಆಮೇಲೆ ನಾವೇನು ಮಾಡಬಹುದು ಎಂದು ಈಗ ನೋಡೋಣ.

ವೋಲ್ಟೇಜು ಏರುವುದೇಕೆ?

ಮೊದಲ ಕಾರಣ ಸಿಡಿಲು. ಬೆಂಗಳೂರಿನ ಸುತ್ತಮುತ್ತ ಏಪ್ರಿಲ್, ಮೇ ತಿಂಗಳ ಸಂಜೆಗಳು ಗುಡುಗು ಮಿಂಚಿನ ಕಾಲ. ಸಿಡಿಲಿನಲ್ಲಿ ಹತ್ತಾರು ಸಾವಿರ ಆಂಪಿಯರ್ ವಿದ್ಯುತ್ತು ಕಣ್ಣುಮಿಟುಕಿಸುವ ಮೊದಲೇ ಹರಿದುಹೋಗುತ್ತದೆ. ಅದು ತಂತಿಗೇ ಬಡಿಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ತಂತಿಯಲ್ಲಿ ವೋಲ್ಟೇಜು ಹುಟ್ಟುತ್ತದೆ.

ಎರಡನೆಯದು ಮೋಟಾರುಗಳು. ಓಡುತ್ತಿರುವ ಮೋಟಾರಿನ ಸುರುಳಿಯಲ್ಲಿ ಕಾಂತಶಕ್ತಿ ತುಂಬಿಕೊಂಡಿರುತ್ತದೆ. ಸ್ವಿಚ್ ಆರಿಸಿದಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ? ಅದು ಒಂದು ಕ್ಷಣದ ಹೆಚ್ಚುವರಿ ವೋಲ್ಟೇಜಾಗಿ ತಂತಿಗೆ ಹಾರುತ್ತದೆ. ಮನೆಯ ನೀರಿನ ಪಂಪಿನಿಂದಲೂ ಇಂಥ ಸಣ್ಣಪುಟ್ಟ ಜಿಗಿತಗಳು ಆಗುತ್ತಲೇ ಇರುತ್ತವೆ.

ಮೂರನೆಯದು ನ್ಯೂಟ್ರಲ್ ತಂತಿ ಕಡಿದುಹೋಗುವುದು. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್. ಫೇಸಿಗೂ ಫೇಸಿಗೂ ನಡುವೆ 400. ಗಾಳಿಗೆ ಕೊಂಬೆ ಮುರಿದು ಬಿದ್ದು ನ್ಯೂಟ್ರಲ್ ತುಂಡಾದರೆ, ಬೇರೆ ಬೇರೆ ಫೇಸಿನ ಮನೆಗಳು ಆ 400 ವೋಲ್ಟನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆ ಸಮವಾಗಿರುವುದಿಲ್ಲ. ಹೆಚ್ಚು ಉಪಕರಣಗಳು ಓಡುತ್ತಿರುವ ಮನೆಗೆ ಕಡಿಮೆ ವೋಲ್ಟೇಜು, ಒಂದು ಫ್ಯಾನು ಮಾತ್ರ ಓಡುತ್ತಿರುವ ಮನೆಗೆ ವಿಪರೀತ ವೋಲ್ಟೇಜು! ಸಿಡಿಲಿನ ಏಟು ಕ್ಷಣದಲ್ಲಿ ಮುಗಿಯುತ್ತದೆ. ಇದು ಹಾಗಲ್ಲ, ಯಾರಾದರೂ ಸರಿಪಡಿಸುವ ತನಕ ಇದ್ದೇ ಇರುತ್ತದೆ.

ಏರಿದ ವೋಲ್ಟೇಜು ಕಂಪ್ಯೂಟರಿಗೆ ಏಕಿಷ್ಟು ಅಪಾಯ? ಹಳೆಯ ಬಲ್ಬಿನೊಡನೆ ಹೋಲಿಸಿ ನೋಡಿ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಆಗಿನ ಬಲ್ಬಿನೊಳಗೆ ಇದ್ದದ್ದು ಬರೀ ಒಂದು ಎಳೆ. ವೋಲ್ಟೇಜು ಕೊಂಚ ಏರಿದರೆ ಅದು ಇನ್ನಷ್ಟು ಪ್ರಕಾಶವಾಗಿ ಉರಿಯುತ್ತಿತ್ತು, ಅಷ್ಟೆ. ಇಂದಿನ ಚಿಪ್ಪಿನಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ, ಒಂದೊಂದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅವುಗಳ ತೆಳು ಪದರಗಳು ಹೆಚ್ಚು ವೋಲ್ಟೇಜನ್ನು ತಾಳಲಾರವು.

“ಸುಟ್ಟೋಯ್ತು” ಎನ್ನುವ ಮೊದಲು

ಮೇ ತಿಂಗಳ ಒಂದು ಸಂಜೆ ಎಂದುಕೊಳ್ಳಿ. ಬನ್ನೇರುಘಟ್ಟದ ಕಾಡಿನ ಕಡೆಯಿಂದ ಮೋಡ ಕಟ್ಟಿ, ಗಾಳಿ ಎದ್ದು, ಕರೆಂಟು ಹೋಯಿತು. ಮತ್ತೆ ಬಂದಾಗ ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು, ಎಲ್ಲೋ ‘ಟಪ್’ ಎಂದಿತು, ಮತ್ತೆ ಕತ್ತಲು. ಲೈನ್‌ಮನ್ ಬಂದು ಸರಿಮಾಡಿ ಹೋದ ಮೇಲೆ ದೀಪ, ಫ್ಯಾನು ಎಲ್ಲ ಸರಿ. ಕಂಪ್ಯೂಟರಿನ ಬಟನ್ ಒತ್ತಿದರೆ ಮಾತ್ರ ಸದ್ದಿಲ್ಲ, ಬೆಳಕಿಲ್ಲ. “ಹೈ ವೋಲ್ಟೇಜ್ ಬಂದು ಕಂಪ್ಯೂಟರ್ ಸುಟ್ಟೋಯ್ತು ಬಿಡು” ಎಂದರು ಅಜ್ಜಿ.

ಸುಟ್ಟದ್ದು ಏನು? ಕಂಪ್ಯೂಟರ್ ಒಂದೇ ವಸ್ತುವಲ್ಲ, ಹಲವು ಭಾಗಗಳ ಸಾಲು. ಕೆರೆಯ ನೀರು ಗದ್ದೆಗೆ ಬರದಿದ್ದರೆ ರೈತರು ಗದ್ದೆಯನ್ನು ಅಗೆಯುವುದಿಲ್ಲ. ತೂಬಿನಿಂದ ಶುರುಮಾಡಿ ಕಾಲುವೆಯ ಉದ್ದಕ್ಕೂ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾರೆ. ನಾವೂ ಹಾಗೇ ಮಾಡೋಣ. ಮಧ್ಯದಲ್ಲಿ ಒಂದು ಹೆಜ್ಜೆಯನ್ನೂ ಹಾರಬಾರದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದೇ ಇಲ್ಲ.

ಹೊರಡುವ ಮೊದಲು ಕೆಲವು ಕಟ್ಟುನಿಟ್ಟುಗಳು. ದೊಡ್ಡವರೊಬ್ಬರು ಜೊತೆಗಿರಲೇಬೇಕು. ಕೈ ಒದ್ದೆಯಿರಬಾರದು. ಸುಟ್ಟ ವಾಸನೆ, ಹೊಗೆ, ಕಪ್ಪು ಕಲೆ ಕಂಡರೆ ಪ್ಲಗ್ ತೆಗೆದು ಅಲ್ಲಿಗೇ ನಿಲ್ಲಿಸಬೇಕು.

ಒಂದೊಂದೇ ಹೆಜ್ಜೆ

ಮೊದಲು ಮೀಟರಿನ ಪಕ್ಕದ ಎಂಸಿಬಿ, ಅಂದರೆ ಅಪಾಯ ಕಂಡಾಗ ತಾವೇ ಆರುವ ಸ್ವಿಚ್ಚುಗಳು. ಒಂದು ಕಡ್ಡಿ ಕೆಳಗಿಳಿದಿದ್ದರೆ ಆ ಸಾಲಿಗೆ ಕರೆಂಟೇ ಇಲ್ಲ. ದೊಡ್ಡವರು ಅದನ್ನು ಒಮ್ಮೆ ಮೇಲೆತ್ತಿ ನೋಡಲಿ. ಮತ್ತೆ ಬಿದ್ದರೆ ಹಟ ಮಾಡದೆ ಎಲೆಕ್ಟ್ರಿಷಿಯನ್ನರನ್ನು ಕರೆಯಲಿ.

ಮುಂದಿನದು ಗೋಡೆಯ ಸಾಕೆಟ್. ಅದಕ್ಕೆ ಮೇಜಿನ ದೀಪವೊಂದನ್ನು ಹಾಕಿ ನೋಡಿ. ಉರಿದರೆ ಕರೆಂಟು ಅಲ್ಲಿಯವರೆಗೆ ಬಂದಿದೆ. ಆಮೇಲೆ ವೋಲ್ಟೇಜಿನ ಏಟು ತಡೆಯುವ ಸ್ಪೈಕ್ ಬಸ್ಟರ್, ಕರೆಂಟು ಹೋದಾಗ ನೆರವಾಗುವ ಯುಪಿಎಸ್ ಇದ್ದರೆ ಅದು. ಅದೇ ದೀಪವನ್ನು ಅವುಗಳಿಗೂ ಹಾಕಿ ನೋಡಬಹುದು. ಅಲ್ಲಿ ಉರಿಯದಿದ್ದರೆ ಕಳ್ಳ ಸಿಕ್ಕಿಬಿದ್ದ! ಎಷ್ಟೋ ಸಲ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ, ಸ್ಪೈಕ್ ಬಸ್ಟರಿನ ಫ್ಯೂಸು ಹೋಗಿರುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿಯಿದ್ದರೆ ಕಂಪ್ಯೂಟರಿನ ಕೇಬಲ್ಲನ್ನು ಹೊರಗೆ ಎಳೆದು, ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಇದು ಮಂತ್ರವಲ್ಲ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯೊಳಗೆ ಒಂದು ಕಾವಲು ಸರ್ಕಿಟ್ ಇದೆ. ಅಪಾಯ ಕಂಡರೆ ಅದು ಎಲ್ಲವನ್ನೂ ನಿಲ್ಲಿಸಿ ಹಾಗೇ ಹಿಡಿದುಕೊಂಡಿರುತ್ತದೆ. ಉಳಿದಿರುವ ವಿದ್ಯುತ್ತು ಬರಿದಾದ ಮೇಲೆ ಹಿಡಿತ ಸಡಿಲವಾಗುತ್ತದೆ. ಎಷ್ಟೋ ಕಂಪ್ಯೂಟರುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ

ಈಗ ಹೇಳಿದ ಪೆಟ್ಟಿಗೆಯ ಹೆಸರು ಎಸ್‌ಎಂಪಿಎಸ್. ಕಂಪ್ಯೂಟರ್ ಡಬ್ಬಿಯ ಹಿಂಭಾಗದಲ್ಲಿ ಕೇಬಲ್ ಚುಚ್ಚುವ ಜಾಗ ಇದೆಯಲ್ಲ, ಅದೇ.

ಮನೆಯ ಕರೆಂಟು ಒಂದೇ ಸಮ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. 230 ಎಂಬುದು ಅದರ ಒಂದು ಬಗೆಯ ಸರಾಸರಿ. ಓಲಾಟದ ತುದಿಯಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ. ಎಸ್‌ಎಂಪಿಎಸ್ ಮೊದಲು ಈ ಓಲಾಟವನ್ನು ಒಂದೇ ದಿಕ್ಕಿಗೆ ತಿರುಗಿಸಿ, ಆ 325 ವೋಲ್ಟಿನ ಆಸುಪಾಸಿನಲ್ಲೇ ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, 12, 5 ಮತ್ತು 3.3 ವೋಲ್ಟ್ ಮಾಡಿ ಕಳಿಸುತ್ತದೆ. ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3. ಕೆಲವು ಹೊಸ ಪೆಟ್ಟಿಗೆಗಳಲ್ಲಿ ಎಲ್ಲ ತಂತಿಗಳೂ ಕಪ್ಪಗೇ ಇರುತ್ತವೆ. ಆ 12 ವೋಲ್ಟನ್ನು 1ಕ್ಕೆ ಇಳಿಸುವ ಕೆಲಸ ಪ್ರೊಸೆಸರಿನ ಪಕ್ಕದಲ್ಲೇ, ಎಲ್ಲ ಭಾಗಗಳನ್ನು ಜೋಡಿಸುವ ಹಲಗೆಯಾದ ಮದರ್‌ಬೋರ್ಡಿನ ಮೇಲೆ ನಡೆಯುತ್ತದೆ.

ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅದಕ್ಕೇ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ, ಕುತೂಹಲಕ್ಕೂ, ಬಿಚ್ಚಬಾರದು.

ಇಲ್ಲೊಂದು ಸ್ವಾರಸ್ಯವಿದೆ. ನೀವು ಒತ್ತುವ ಬಟನ್ ಫ್ಯಾನಿನ ಸ್ವಿಚ್ಚಿನಂತೆ ಕರೆಂಟನ್ನು ನೇರವಾಗಿ ಹಾಯಿಸುವುದಿಲ್ಲ. ಅದು ಒಂದು ಸುದ್ದಿ ಮಾತ್ರ ಕಳಿಸುತ್ತದೆ. ಕಂಪ್ಯೂಟರ್ ಆರಿದ್ದರೂ ಪ್ಲಗ್ಗಿನಲ್ಲಿರುವ ತನಕ ಎಸ್‌ಎಂಪಿಎಸ್ ಒಂದು ತಂತಿಯಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಆ ಬಲದಿಂದ ಎಚ್ಚರವಾಗಿರುವ ಮದರ್‌ಬೋರ್ಡ್, ಬಟನ್ನಿನ ಸುದ್ದಿ ಬಂದೊಡನೆ “ಶುರುಮಾಡು” ಎಂದು ಎಸ್‌ಎಂಪಿಎಸ್‌ಗೆ ಹೇಳುತ್ತದೆ. ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳೆಲ್ಲ ಸರಿಯಾಗಿ ನಿಂತ ಮೇಲೆ “ಎಲ್ಲ ಸರಿ” ಎಂಬ ಸಂಕೇತ ಕೊಡುತ್ತದೆ. ಅದು ಬಂದ ಮೇಲೆಯೇ ಪ್ರೊಸೆಸರ್ ಕೆಲಸ ಆರಂಭಿಸುವುದು.

ಈ ಮಾತುಕತೆ ಗೊತ್ತಿದ್ದರೆ ಲಕ್ಷಣ ನೋಡಿ ಊಹಿಸಬಹುದು. ಮದರ್‌ಬೋರ್ಡಿನ ಪುಟ್ಟ ದೀಪವೂ ಇಲ್ಲ, ಫ್ಯಾನಿನ ಅಲುಗಾಟವೂ ಇಲ್ಲ ಎಂದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ದೀಪವಿದ್ದೂ ಕಂಪ್ಯೂಟರ್ ಏಳದಿದ್ದರೆ ಬಟನ್, ಮದರ್‌ಬೋರ್ಡ್, ಎಸ್‌ಎಂಪಿಎಸ್ ಮೂವರನ್ನೂ ವಿಚಾರಿಸಬೇಕು. ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಗಿದ್ದರೆ ಮಾನಿಟರಿನ ಕೇಬಲ್ ನೋಡಿ. ಬೀಪ್ ಬೀಪ್ ಎಂದರೆ ಅದು ಒಳ್ಳೆಯ ಸುದ್ದಿ: ಪ್ರೊಸೆಸರ್ ಬದುಕಿದೆ, ಯಾವುದೋ ಭಾಗ ಸಿಗುತ್ತಿಲ್ಲವೆಂದು ದೂರು ಕೊಡುತ್ತಿದೆ. ಹಲವು ಸಲ ಅದು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್. ಮೆಕ್ಯಾನಿಕ್ ಅಣ್ಣ ಅದನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದನ್ನು ನೀವು ನೋಡಿರಬಹುದು.

ಎಸ್‌ಎಂಪಿಎಸ್ ಹೋಗಿದೆಯೇ ಎಂದು ಅವರು ತಿಳಿಯುವ ರೀತಿಯೂ ಸರಳ: ಚೆನ್ನಾಗಿರುವ ಇನ್ನೊಂದನ್ನು ಜೋಡಿಸಿ ನೋಡುತ್ತಾರೆ. ಕಂಪ್ಯೂಟರ್ ಎದ್ದರೆ ಅದೊಂದನ್ನೇ ಬದಲಾಯಿಸಿದರಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಬಿಡಿಭಾಗಗಳು ಸಾಲುಸಾಲಾಗಿ ಸಿಗುತ್ತವೆ. ನಿಮ್ಮ ಚಿತ್ರ, ಫೋಟೋ, ಪಾಠಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಎಸ್‌ಎಂಪಿಎಸ್ ಸತ್ತ ಮಾತ್ರಕ್ಕೆ ಅವು ಅಳಿಸಿಹೋಗುವುದಿಲ್ಲ.

ಏಟನ್ನು ತಿನ್ನುವ ಬಿಲ್ಲೆ

ಸ್ಪೈಕ್ ಬಸ್ಟರಿನೊಳಗೂ ಒಳ್ಳೆಯ ಎಸ್‌ಎಂಪಿಎಸ್‌ನ ಬಾಗಿಲಲ್ಲೂ ನಾಣ್ಯದಷ್ಟಗಲದ ಒಂದು ಬಿಲ್ಲೆ ಇರುತ್ತದೆ. ಅದರ ಹೆಸರು ವೇರಿಸ್ಟರ್. ಅದು ಮುಖ್ಯವಾಗಿ ಸತುವಿನ ಆಕ್ಸೈಡಿನ ಹರಳುಗಳಿಂದ ಆದದ್ದು. ಮೈ ಕಡಿತಕ್ಕೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಅದೇ ವಸ್ತು! ಇಂಥ ವೇರಿಸ್ಟರನ್ನು 1960ರ ದಶಕದ ಕೊನೆಯಲ್ಲಿ ಜಪಾನಿನ ಮಿಚಿಯೊ ಮತ್ಸುವೊಕಾ ರೂಪಿಸಿದರು.

ಎರಡು ಹರಳುಗಳು ತಾಗುವ ಗಡಿಯೊಂದು ಸುಮಾರು 3 ವೋಲ್ಟನ್ನು ತಡೆಯುತ್ತದೆ. ಇಂಥ ಗಡಿಗಳು ಸಾಲಾಗಿ ಸೇರಿದಾಗ ಮಾಮೂಲಿ 230 ವೋಲ್ಟಿಗೆ ಬಿಲ್ಲೆ ದಾರಿ ಬಿಡುವುದಿಲ್ಲ. ವೋಲ್ಟೇಜು ಮಿತಿಮೀರಿತೋ, ಕ್ಷಣಾರ್ಧದಲ್ಲಿ ದಾರಿ ಬಿಟ್ಟು ಹೆಚ್ಚುವರಿ ವಿದ್ಯುತ್ತನ್ನು ತನ್ನ ಮೂಲಕ ಹಾಯಿಸಿ, ಶಾಖವಾಗಿ ಅರಗಿಸಿಕೊಳ್ಳುತ್ತದೆ. ಏಟು ದೊಡ್ಡದಾದರೆ ಹಿಂದಿನ ಫ್ಯೂಸು ಕರಗಿ ಸಂಪರ್ಕ ಕಡಿಯುತ್ತದೆ. ಆ ಸಂಜೆ ಕೇಳಿದ ‘ಟಪ್’ ಇಂಥದ್ದೇ ಇರಬಹುದು.

ಪ್ರತಿ ಏಟಿಗೂ ಬಿಲ್ಲೆ ಸ್ವಲ್ಪ ಸವೆಯುತ್ತದೆ. ಒಂದು ದಿನ ಅದು ಸತ್ತರೂ ಸ್ಪೈಕ್ ಬಸ್ಟರಿನ ಕೆಂಪು ದೀಪ ಎಂದಿನಂತೆ ಉರಿಯುತ್ತಿರಬಹುದು! ಹಾಗಾಗಿ ದೊಡ್ಡ ಏಟು ತಿಂದ ಸ್ಪೈಕ್ ಬಸ್ಟರನ್ನು ಬದಲಾಯಿಸುವುದು ಜಾಣತನ. ನ್ಯೂಟ್ರಲ್ ಕಡಿದಾಗ ಬರುವ ದೀರ್ಘ ವೋಲ್ಟೇಜನ್ನಂತೂ ಈ ಬಿಲ್ಲೆ ತಾಳಲಾರದು. ಫ್ಯಾನು ಹುಚ್ಚೆದ್ದು ತಿರುಗಿದರೆ ದೊಡ್ಡವರಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿಸಿ. ವಿದ್ಯುತ್ ಕಂಪನಿ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಫೋನ್ ಮಾಡಿಸಿ.

ಗುಡುಗು ದೂರದಲ್ಲಿ ಕೇಳಿದಾಗಲೇ ಕಂಪ್ಯೂಟರ್ ಆರಿಸಿ ಪ್ಲಗ್ ಕಿತ್ತಿಡಿ. ಇಂಟರ್‌ನೆಟ್ಟಿನ ಕೇಬಲ್ಲನ್ನೂ ತೆಗೆಯಿರಿ, ತಾಮ್ರದ ತಂತಿಯಿದ್ದರೆ ಏಟು ಆ ದಾರಿಯಲ್ಲೂ ಒಳಬರುತ್ತದೆ. ಗುಡುಗು ತಲೆಯ ಮೇಲೇ ಬಂದಿದ್ದರೆ ಪ್ಲಗ್ಗಿನ ಬಳಿ ಹೋಗಬೇಡಿ. ಕಂಪ್ಯೂಟರಿಗಿಂತ ನೀವು ದೊಡ್ಡವರು!

ಮಾಡಿ ನೋಡಿ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ಕರೆಂಟಿನ ದಾರಿ ಬರೆಯಿರಿ. ಕಂಬ, ಮೀಟರ್, ಎಂಸಿಬಿ, ಸಾಕೆಟ್, ಸ್ಪೈಕ್ ಬಸ್ಟರ್, ಎಸ್‌ಎಂಪಿಎಸ್, ಮದರ್‌ಬೋರ್ಡ್, ಪ್ರೊಸೆಸರ್. ಪ್ರತಿಯೊಂದರ ಮುಂದೆ ಅಲ್ಲಿ ಎಷ್ಟು ವೋಲ್ಟ್, ಕರೆಂಟು ಅಲ್ಲಿಗೆ ಬಂದಿದೆಯೆಂದು ಯಾವ ಗುರುತಿನಿಂದ ತಿಳಿಯುತ್ತದೆ ಎಂದೂ ಬರೆಯಿರಿ. ಕಂಪ್ಯೂಟರ್ ಏಳದ ದಿನ ಮೇಲಿನಿಂದ ಕೆಳಕ್ಕೆ ಟಿಕ್ ಹಾಕುತ್ತ ಬನ್ನಿ. ಟಿಕ್ ನಿಂತ ಜಾಗವನ್ನು ತೋರಿಸಿದರೆ ಮೆಕ್ಯಾನಿಕ್ ಅಣ್ಣನ ಅರ್ಧ ಕೆಲಸ ಮುಗಿದಂತೆ.