ಗಳಿಸಿದ ದಿನಗಳು



ಕಳೆದ ಬೇಸಿಗೆಯಲ್ಲಿ ಹರಿಹರದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ತಾಯಿ ನನ್ನ ಪಕ್ಕ ಕೂತಿದ್ದರು. ಜೈಲಿನಲ್ಲಿರುವ ಮಗನನ್ನು ನೋಡಲು ಹೊರಟಿದ್ದರು. ಮಡಿಲಲ್ಲಿ ಮಂಡಕ್ಕಿ ಪೊಟ್ಟಣ, ಕೈಯಲ್ಲಿ ನಾಲ್ಕಾಗಿ ಮಡಿಚಿದ ಕ್ಯಾಲೆಂಡರ್ ಹಾಳೆ. ಕೆಲವು ತಾರೀಖುಗಳ ಮೇಲೆ ಕುಂಕುಮದ ಚುಕ್ಕೆ. ‘ಇಷ್ಟು ದಿನ ಮಾಫಿ ಸಿಕ್ಕೈತಂತೆ ಸಾರ್. ಮಾಫಿ ಅಂದ್ರೆ ದುಡಿದಿದ್ದಕ್ಕೆ ಕೊಡೋದಾ, ಕೈ ಮುಗಿದಿದ್ದಕ್ಕಾ?’ ಎಂದು ಕೇಳಿದರು.

ದುಡಿದಿದ್ದಕ್ಕೇ, ತಾಯಿ. ಶಿಕ್ಷೆಯಾದ ಕೈದಿ ಅಡುಗೆಮನೆಯಲ್ಲೋ ಮಗ್ಗದ ಮುಂದೋ ತೋಟದಲ್ಲೋ ಒಪ್ಪಿಸಿದ ಕೆಲಸ ಮಾಡಿ, ನಡತೆ ಕೆಡಿಸಿಕೊಳ್ಳದಿದ್ದರೆ, ತಿಂಗಳಿಗಿಷ್ಟು ದಿನವೆಂದು ಅವಧಿಯಿಂದ ಕಳೆಯುತ್ತಾರೆ. ತೀರ್ಪು ಹಾಗೇ ಇರುತ್ತದೆ, ಒಳಗಿರಬೇಕಾದ ದಿನಗಳು ಇಳಿಯುತ್ತವೆ. ಮಾಫಿ ಎಂಬ ಹೆಸರೇ ಇದಕ್ಕೆ ಒಪ್ಪುವುದಿಲ್ಲ. ಬೆವರು ಸುರಿಸಿ ಗಳಿಸಿದ್ದನ್ನು ಯಾರೂ ಕ್ಷಮೆ ಎನ್ನುವುದಿಲ್ಲ. ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ವಿಶೇಷ ಮಾಫಿಗೂ ಅವಕಾಶವಿದೆ: ಒಬ್ಬರ ಜೀವ ಉಳಿಸಿದ್ದಕ್ಕೆ, ಬೆಂಕಿಯಂಥ ಆಪತ್ತಿನಲ್ಲಿ ಸಿಬ್ಬಂದಿಗೆ ನೆರವಾದದ್ದಕ್ಕೆ.

ನಮ್ಮಲ್ಲಿ ಕೈಪಿಡಿಯ ಒಂದು ಸಾಲಾಗಿರುವ ಈ ಬೆಂಕಿಯ ಕೆಲಸ ಕ್ಯಾಲಿಫೋರ್ನಿಯಾದಲ್ಲಿ ಒಂದು ಪಡೆಯೇ ಆಗಿದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ 900ಕ್ಕೂ ಹೆಚ್ಚು ಕೈದಿಗಳು ಗುದ್ದಲಿ, ಗರಗಸ ಹಿಡಿದು, ಉರಿ ದಾಟದಂತೆ ಪೊದೆ ಕಡಿದು ನೆಲ ಕೆರೆದರು. ಆ ಪಡೆಯಲ್ಲಿ ಒಂದು ದಿನ ಕಳೆದರೆ ಹೆಚ್ಚಿನವರಿಗೆ ಶಿಕ್ಷೆಯಲ್ಲಿ ಇನ್ನೆರಡು ದಿನ ಕಡಿತ. ಕೂಲಿ ಮಾತ್ರ ಆಗ ದಿನಕ್ಕೆ 5.80ರಿಂದ 10.24 ಡಾಲರ್, ಬೆಂಕಿಯ ಮುಂದೆ ನಿಂತಾಗ ಗಂಟೆಗೆ ಇನ್ನೊಂದು ಡಾಲರ್. ಪ್ರಾಣ ಒತ್ತೆಯಿಟ್ಟವನಿಗೆ ಇದು ಅನ್ಯಾಯ. ಬೇಗ ಮನೆಗೆ ಹೋಗುವ ಆಸೆ ತೋರಿಸಿ ಕೂಲಿ ಮುರಿಯಬಾರದು. ನಮ್ಮ ಸುಪ್ರೀಂ ಕೋರ್ಟ್ 1998ರಲ್ಲೇ ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದಿತು. ಅದರಲ್ಲೊಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲಲಿ ಎಂದೂ ಹೇಳಿತು. ಕರ್ನಾಟಕ ಈಚಿನ ವರ್ಷಗಳಲ್ಲಿ ದಿನಗೂಲಿಯನ್ನು ಏರಿಸಿದೆ: ಕನಿಷ್ಠ 524, ಗರಿಷ್ಠ 663 ರೂಪಾಯಿ. ಇದು ನನಗೆ ಹೆಮ್ಮೆಯ ವಿಷಯ.

ಆದರೆ ಮಾಫಿ ಶಿಕ್ಷೆಯಾದವರಿಗೆ ಮಾತ್ರ. ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರನ್ನು ಬಲವಂತವಾಗಿ ದುಡಿಸುವಂತಿಲ್ಲ, ಅದು ಸರಿಯೇ. ತಾನಾಗಿ ಕೆಲಸ ಕೇಳುವವನಿಗಾದರೂ ಕೆಲಸ ಸಿಗಬೇಕಲ್ಲವೇ? ಮುಂದೆ ಶಿಕ್ಷೆಯಾದರೆ ಒಳಗಿದ್ದ ದಿನಗಳೇನೋ ಶಿಕ್ಷೆಯಿಂದ ವಜಾ ಆಗುತ್ತವೆ. ಆ ದಿನಗಳಲ್ಲಿ ಗಳಿಸಬಹುದಾಗಿದ್ದ ಮಾಫಿ ಮಾತ್ರ ಬರುವುದಿಲ್ಲ.

ಹೊರಗೆ ಬಂದ ಮೇಲಿನ ಮಾತೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೈದಿಯಾಗಿದ್ದಾಗ ಬೆಂಕಿ ಆರಿಸಿದವನಿಗೆ ಹೊರಗೆ ಅದೇ ನೌಕರಿ ಸಿಗದಂತೆ ಅವನ ಹಳೆಯ ದಾಖಲೆ ಅಡ್ಡ ಬರುತ್ತಿತ್ತು. ಆ ದಾಖಲೆ ಅಳಿಸಲು ಕೋರ್ಟಿಗೆ ಅರ್ಜಿ ಹಾಕಬಹುದೆಂದು ಆ ರಾಜ್ಯ 2020ರಲ್ಲಿ ಕಾನೂನು ತಂದಿತು.

ಬಸ್ಸು ಶಿವಮೊಗ್ಗ ಸೇರುವ ಹೊತ್ತಿಗೆ ಆ ತಾಯಿ ಇನ್ನೊಂದು ಹೇಳಿದರು. ಮಗ ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿದ್ದವನಂತೆ. ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು ಕೇಳಿಯೇ ಉರಿ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದನಂತೆ. ‘ಹೊರಗ ಬಂದ್ಮ್ಯಾಲೆ ಮತ್ತ ಭಟ್ಟಿಗೆ ಕರ್ಕೊಂತಾರಾ ಸಾರ್?’ ಎಂದರು. ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದೆ. ಈ ಸಭೆಯಲ್ಲಿ ಭಟ್ಟಿ ಮಾಲೀಕರು ಕೂತಿದ್ದೀರಿ. ಕೇಳುತ್ತಿದ್ದೇನೆ.